ಗುಡ್ಡದ ಸವತಿ

ನನಗೊಬ್ಬಳು ಸವತಿ ಇದ್ದಳು. ವರ್ಷಗಟ್ಟಲೆ ಬೈದಿದ್ದೇನೆ ಅವಳನ್ನು, ಕಣ್ಣಾರೆ ನೋಡಿದ್ದು ಒಂದೇ ಸಲ. ನಾಲ್ಕು ಕಾಲು, ಮೈತುಂಬ ಚುಕ್ಕೆ, ಉದ್ದನೆ ಬಾಲ. ನಗುವವರು ನಗಲಿ. ಸವತಿ ಮಣ್ಣಿನವಳಾದರೂ ಬೇಡ ಅನ್ನುತ್ತಿದ್ದಳು ನಮ್ಮಜ್ಜಿ. ನನ್ನವಳು ಮಾಂಸ ತಿನ್ನುವವಳು, ಇನ್ನು ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ?

ನನ್ನ ಗಂಡ ಫಾರೆಸ್ಟ್ ಗಾರ್ಡ್. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮದುವೆಯಾಗಿ, ಹಿರಿಯೂರು ತಾಲೂಕಿನ ಹರಿಯಬ್ಬೆಯಿಂದ ಹೊಸದುರ್ಗ ತಾಲೂಕಿನ ಮತ್ತೋಡು ಕಡೆಯ ಗುಡ್ಡದ ಬುಡಕ್ಕೆ ಬಂದೆ. ಎರಡು ಕೋಣೆಯ ಕ್ವಾರ್ಟರ್ಸು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಹಿಂದೆ ಗುಡ್ಡ. ಕಾಡು ಅಂದರೆ ಹಸಿರು ಅಂದುಕೊಂಡು ಬಂದವಳು ನಾನು. ಇಲ್ಲಿ ಇದ್ದದ್ದು ಬಂಡೆ, ಕಳ್ಳಿ, ಬಂದರಿಕೆ ಗಿಡ, ಅಲ್ಲೊಂದು ಇಲ್ಲೊಂದು ಕಮರದ ಮರ. ಇದನ್ನು ಕಾಯೋದಕ್ಕೆ ಸರ್ಕಾರ ಒಬ್ಬ ಮನುಷ್ಯನನ್ನು ಇಟ್ಟಿದೆಯಲ್ಲ ಅಂತ ಮೊದಲನೇ ದಿನವೇ ಅಂದುಬಿಟ್ಟಿದ್ದೆ. ಅವರಿಗೆ ಬೇಜಾರಾಯಿತು.

ನಮ್ಮ ಕಡೆ ಚಿರತೆಗೆ ಹುಲಿ ಅಂತಲೇ ಹೆಸರು. ಪಟ್ಟೆ ಇರುವುದು ಹೆಬ್ಬುಲಿ. ಅದು ನಮ್ಮಜ್ಜನ ಕಾಲಕ್ಕೇ ಕೋವಿಗೆ ಸಿಕ್ಕಿ ಮುಗಿದಿತ್ತಂತೆ. ಉಳಿದಿದ್ದು ಚುಕ್ಕೆಯದು ಮಾತ್ರ. ಹುಲಿಯ ಹೆಸರು, ಹುಲಿಗೆ ಸಲ್ಲಬೇಕಾದ ಭಯ, ಹುಲಿಯ ಮೇಲಿನ ಸಿಟ್ಟು, ಎಲ್ಲ ಈ ಚಿರತೆಯ ಪಾಲಿಗೇ ಬಂದಿತ್ತು. ಆದರೆ ಗುಡ್ಡದಲ್ಲಿ ನಿಂತು ಹುಲಿ ಅನ್ನುವ ಹಾಗಿಲ್ಲ. ಅಂದರೆ ಎದುರಿಗೆ ಬರುತ್ತದೆ ಅಂತ ನಂಬಿಕೆ. ಕುರಿಯವರು ನಾಯಿ ಅನ್ನುತ್ತಿದ್ದರು, ಸೌದೆಗೆ ಹೋಗುವ ಹೆಂಗಸರು ದೊಡ್ಡದು ಅನ್ನುತ್ತಿದ್ದರು. ನನ್ನ ಗಂಡ ಏನನ್ನುತ್ತಿದ್ದರು ಗೊತ್ತೇ? ನಮ್ಮಾಕೆ.

ನಮ್ಮಾಕೆ ಅಂದರೆ ನಮ್ಮಲ್ಲಿ ಹೆಂಡತಿ. ಗಂಡ ಹೆಂಡತಿಯ ಹೆಸರು ಹಿಡಿದು ಕರೆಯೋದಿಲ್ಲ, ನಾಲ್ಕು ಜನರ ಮುಂದೆ ನಮ್ಮಾಕೆ ಅನ್ನುತ್ತಾನೆ. ಅದೊಂದೇ ಮಾತು ಹೆಂಡತಿಗೆ ಸಿಗುವ ಆಸ್ತಿ. ಅದನ್ನೂ ಈ ಮನುಷ್ಯ ಇಬ್ಬರಿಗೆ ಹಂಚಿದ್ದರು, ನನಗೆ ತಿಳಿಸದೆ.

ತಿಳಿದದ್ದು ಹೀಗೆ. ಮದುವೆಯಾದ ಮೊದಲ ಬೇಸಿಗೆ. ನಾನು ಒಳಗೆ ಮುದ್ದೆ ಮುರಿಯುತ್ತ ಕೂತಿದ್ದೆ. ಹೊರಗೆ ಅವರ ಮೇಲಿನ ಅಧಿಕಾರಿ ಫಾರೆಸ್ಟರ್ ಬಂದಿದ್ದರು. ನನ್ನ ಗಂಡ ಅವರಿಗೆ, ನಮ್ಮಾಕೆ ಮೂರು ದಿನದಿಂದ ಉಂಡಂಗಿಲ್ಲ ಸಾರ್, ಹೊಟ್ಟೆ ಬೆನ್ನಿಗೆ ಹತ್ತೈತೆ ಅಂತ ಹೇಳುತ್ತಿದ್ದಾರೆ. ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು. ಎರಡನೇ ಮುದ್ದೆ ನನ್ನ ತಟ್ಟೆಯಲ್ಲಿದೆ, ಈ ಪುಣ್ಯಾತ್ಮ ಊರಿಗೆಲ್ಲ ನಾನು ಉಪವಾಸ ಅಂತ ಸಾರುತ್ತಿದ್ದಾರೆ! ಫಾರೆಸ್ಟರ್ ಹೋದ ಮೇಲೆ ಜಗಳಕ್ಕೆ ನಿಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಿನ್ನಲ್ಲ ಕಣೇ, ಆಕೆ, ಅಂತ ಗುಡ್ಡದ ಕಡೆ ಕೈ ತೋರಿಸಿದರು. ಆವತ್ತು ನಾನೂ ನಕ್ಕೆ.

ಆಮೇಲೆ ನಗು ಬರಲಿಲ್ಲ. ಬೆಳಿಗ್ಗೆ ಎದ್ದರೆ ಆಕೆಯ ಸುದ್ದಿ, ಉಣ್ಣುವಾಗ ಆಕೆಯ ಸುದ್ದಿ. ಆಕೆ ಯಾವ ಬಂಡೆಯ ಮೇಲೆ ಬಿಸಿಲು ಕಾಯಿಸಿದಳು, ಎಲ್ಲಿ ನೀರು ಕುಡಿದಳು, ಮುಂಗಾಲಿಗೆ ಮುಳ್ಳು ಚುಚ್ಚಿ ಎಷ್ಟು ದಿನ ಕುಂಟಿದಳು, ಎಲ್ಲ ಬಾಯಿಪಾಠ. ಮಣ್ಣಿನ ಮೇಲೆ ಕಂಡ ಹೆಜ್ಜೆಗೆ ಬೆರಳಿಟ್ಟು ಅಳೆದು ಇಷ್ಟು ಅಗಲ ಅಂತ ನನಗೆ ತೋರಿಸುತ್ತಿದ್ದರು. ಅದೇ ಮನುಷ್ಯ ಹೊಸದುರ್ಗದ ಸಂತೆಯಿಂದ ನನಗೆ ಬಳೆ ತಂದರೆ ಕೈಗೇ ಏರುತ್ತಿರಲಿಲ್ಲ. ಎರಡು ಸಲ ಹೀಗಾಯಿತು. ಮೂರನೇ ಸಲ ನಾನೇ ಬಳೆಗಾರನನ್ನು ಬಾಗಿಲಿಗೆ ಕರೆದು ತೊಡಿಸಿಕೊಂಡೆ, ಅವರು ನೋಡಲೆಂದು ಸ್ವಲ್ಪ ಜೋರಾಗಿಯೇ ಪಾತ್ರೆ ತೊಳೆದೆ. ಅವರು ನೋಡಲಿಲ್ಲ.

ಅವರ ಕೆಲಸ ಕಷ್ಟದ್ದು ಅಂತ ಗೊತ್ತಿತ್ತು, ಇಲ್ಲ ಅನ್ನೋದಿಲ್ಲ. ಹಂದಿಗೆ ಅಂತ ಬೇಲಿಸಂದಿಯಲ್ಲಿ ತಂತಿ ಉರುಲು ಹಾಕುತ್ತಿದ್ದರು ಜನ. ಅದಕ್ಕೆ ಹಂದಿ, ಕರಡಿ, ಆಕೆ ಅಂತ ಭೇದವಿಲ್ಲ. ಅವರು ದಿನಾ ಹುಡುಕಿ ಕಿತ್ತು ತರುತ್ತಿದ್ದ ತಂತಿ ಹಿತ್ತಲಲ್ಲಿ ರಾಶಿ ಬಿದ್ದಿತ್ತು. ನಾನು ಅದನ್ನೇ ಎಳೆದು ಕಟ್ಟಿ ಸೀರೆ ಒಣಗಿಸುತ್ತಿದ್ದೆ. ಚರ್ಮ ಮಾರುವ ಆಸೆಗೆ ಗುಡ್ಡ ಹೊಕ್ಕವರನ್ನು ಅವರು ಒಬ್ಬರೇ ಅಟ್ಟಿಸಿಕೊಂಡು ಹೋಗಿ ಮೊಣಕೈ ಮುರಿದುಕೊಂಡಿದ್ದೂ ಉಂಟು. ಮುರಿದ ಕೈಗೆ ಎಣ್ಣೆ ಹಚ್ಚಿದವಳು ನಾನು. ಹಚ್ಚುವಾಗ ಅವರು ಕೇಳುತ್ತಿದ್ದದ್ದು ಗುಡ್ಡದ ಕಡೆಯಿಂದ ಏನಾದರೂ ಕೂಗು ಕೇಳಿಸಿತೇ ಅಂತ.

ಮದುವೆಯಾಗಿ ಮೂರು ವರ್ಷವಾಗಿತ್ತು, ನನಗೆ ಮಕ್ಕಳಿರಲಿಲ್ಲ. ಆಮೇಲೂ ಆಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ದಿನ ಪಕ್ಕದ ಮನೆಯ ವಾಚರನ ಹೆಂಡತಿ ಸೆರಗಿನಲ್ಲಿ ನಾಲ್ಕು ಹುಳಿ ಮಾವಿನಕಾಯಿ ಕಟ್ಟಿಕೊಂಡು ಬಂದಳು. ನನ್ನ ಗಲ್ಲ ಹಿಡಿದು, ಹೇಳ್ಳೇ ಇಲ್ಲವಲ್ಲ ನೀನು, ಎಷ್ಟು ತಿಂಗಳು, ಅಂತ ಕೇಳಿದಳು. ನನಗೆ ಅರ್ಥವಾಗಲಿಲ್ಲ. ನಿನ್ನ ಗಂಡನೇ ಟೀ ಅಂಗಡಿ ಮುಂದೆ ಹೇಳ್ತಿದ್ರಂತೆ, ನಮ್ಮಾಕೆ ಬಸುರಿ ಇರಬೇಕು, ನಡಿಗೆ ಭಾರ ಆಗೈತೆ ಅಂತ. ಅವಳು ಒಳ್ಳೆ ಮನಸ್ಸಿನಿಂದಲೇ ಬಂದಿದ್ದಳು ಪಾಪ. ನಾನು ಮಾವಿನಕಾಯಿ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆ ಅವರು ಬಂದಾಗ ಒಂದೊಂದೇ ಮಾವಿನಕಾಯಿ ತೆಗೆದು ಗುಡ್ಡದ ಕಡೆ ಎಸೆದೆ. ನಿಮ್ಮಾಕೆಗೆ ಬಯಕೆ ಆಗಿರ್ತದೆ, ತಿನ್ನಲಿ, ಅಂದೆ. ಅವರ ಮುಖ ಬಿಳುಚಿಕೊಂಡಿತು. ಇನ್ನು ಹಾಗೆ ಕರೆಯಲ್ಲ ಅಂದರು. ನಾಲ್ಕು ದಿನ ಕರೆಯಲಿಲ್ಲ. ಐದನೇ ದಿನ ನಾಲಿಗೆ ಮತ್ತೆ ಅಲ್ಲಿಗೇ ಹೊರಳಿತು.

ಆಕೆ ಎರಡು ಮರಿ ಹಾಕಿದಳು. ನಾನು ಎಂಥವಳು ಅಂತ ಮುಚ್ಚಿಡುವುದೇನಿದೆ, ಒಂದು ನಾಯಿಯೂ ಅಷ್ಟು ಹೊಟ್ಟೆಕಿಚ್ಚು ಪಡಲಾರದು. ಗುಹೆಯೊಳಗಿನ ಆಕೆಯ ಬಾಣಂತನಕ್ಕೆ ನನ್ನ ಗಂಡ ಹೊರಗಿನಿಂದ ಕಾವಲು. ಯಾರೂ ಅತ್ತ ಸೌದೆಗೆ ಹೋಗದಂತೆ, ಯಾರೂ ಕಲ್ಲು ಒಡೆಯದಂತೆ. ಮರಿಗಳು ಕಣ್ಣು ಬಿಟ್ಟದ್ದು ಅಂದಾಜಿನ ಮೇಲೆ ಇಂಥ ದಿನ ಅಂತ ಡೈರಿಯಲ್ಲಿ ಬರೆದಿದ್ದರು. ದೇವರ ಫೋಟೋದ ಮುಂದೆ ಊದುಬತ್ತಿ ಹಚ್ಚಿ ನಾನು ಬೇಡಿಕೊಂಡದ್ದು ಅವುಗಳ ಒಳಿತನ್ನಲ್ಲ.

ಮರಿಗಳಿಗೆ ನಾಲ್ಕೈದು ತಿಂಗಳಾಗುವಾಗ ನನ್ನ ತಮ್ಮ ಹರಿಯಬ್ಬೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದ. ಬೇಸಿಗೆಯಲ್ಲಿ ಹೊಲಗಳಲ್ಲಿ ಮಂದೆ ನಿಲ್ಲಿಸಿದರೆ ಹೊಲದವರಿಗೆ ಗೊಬ್ಬರ, ಕುರಿಯವರಿಗೆ ಕಾಳು. ಗುಡ್ಡದ ಮಗ್ಗುಲ ಹೊಲದಲ್ಲಿ ಮುಳ್ಳು ಒಟ್ಟಿ ಕುರಿ ಕೂಡಲು ರೊಪ್ಪ ಮಾಡಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ತವರಿನಿಂದ ಒಬ್ಬ ಬಂದಿದ್ದಾನಲ್ಲ, ನನ್ನದು ಅನ್ನುವುದು ಇಲ್ಲಿ ಒಂದಾದರೂ ಬಂತಲ್ಲ ಅಂತ ಹಿಗ್ಗಿ, ದಿನಾ ಅವನಿಗೆ ಮಜ್ಜಿಗೆ ಕಳಿಸುತ್ತಿದ್ದೆ. ಒಂದೇ ತಿಂಗಳಲ್ಲಿ ಆಕೆ ಅವನ ಮೂರು ಕುರಿ ಒಯ್ದಳು. ಮೂರನೆಯದು ಗಬ್ಬದ ಕುರಿ, ತಾಯಿ ಸತ್ತಿದ್ದಕ್ಕೆ ಅವನ ಹೆಂಡತಿ ಬಾಟಲಿ ಹಾಲು ಹಾಕಿ ಸಾಕಿದ್ದು. ತಮ್ಮ ಬಂದು ಭಾವನ ಮುಂದೆ ಕೂಗಾಡಿದ. ಇವರು ಪರಿಹಾರಕ್ಕೆ ಅರ್ಜಿ ಬರೆದುಕೊಡುತ್ತೇನೆ, ರೊಪ್ಪದ ಮುಳ್ಳು ಎತ್ತರಿಸು, ಗುಡ್ಡದ ಬುಡ ಬಿಟ್ಟು ಆಚೆ ಹೊಲಕ್ಕೆ ಹೋಗು ಅಂತ ಸಮಾಧಾನ ಹೇಳಿದರು. ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಕುರಿ ಹೋದದ್ದಕ್ಕೆ ಒಂದು ಅಯ್ಯೋ ಅನ್ನಲಿಲ್ಲ ಅವರು. ಅದು ನನಗೂ ನಾಟಿತು, ತಮ್ಮನಿಗೂ ನಾಟಿತು.

ಮಾರನೆಯ ದಿನ ಬೆಳಿಗ್ಗೆ ಏಳು ಗಂಟೆ. ನಾನು ಹಿತ್ತಲಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆ. ತಮ್ಮ ಗುಡ್ಡದ ಕಡೆಯಿಂದ ಬಂದ. ಒಗೆಯುವ ಕಲ್ಲಿನ ಹತ್ತಿರ ಚೊಂಬು ತಗೊಂಡು, ಸೋಪು ಹಾಕಿ, ಮೊಣಕೈವರೆಗೆ ಕೈ ತೊಳೆದ. ಮತ್ತೆ ತೊಳೆದ. ಯಾಕೋ ಇಷ್ಟು ತೊಳೀತೀಯ ಅಂತ ಕೇಳಿದೆ.

“ಕುರಿ ಅರ್ಧ ತಿಂದು ಬಂಡೆ ಸಂದಿಗೆ ಬಿಟ್ಟೈತಕ್ಕ. ಔಷಧಿ ಹಾಕಿ ಬಂದೀನಿ. ಭಾವಂಗೆ ಹೇಳಬ್ಯಾಡ.”

ಔಷಧಿ ಅಂದರೆ ಹತ್ತಿಗೆ ಹೊಡೆಯುವುದು. ನಮ್ಮಲ್ಲಿ ಕಾಯಿಲೆಗೆ ಕೊಡುವುದೂ ಔಷಧಿಯೇ, ಹುಳ ಸಾಯಿಸುವುದೂ ಔಷಧಿಯೇ. ನನಗೆ ಗೊತ್ತಾಗಲಿಲ್ಲ, ಕುರಿಗೆ ಏನೋ ಮದ್ದು ಹಾಕಿದ ಅಂದುಕೊಂಡೆ ಅಂತ ಹೇಳಿಕೊಳ್ಳಬಹುದಿತ್ತು. ಸತ್ತ ಕುರಿಗೆ ಯಾರಾದರೂ ಮದ್ದು ಹಾಕುತ್ತಾರೆಯೇ? ಚೆನ್ನಾಗಿಯೇ ಗೊತ್ತಾಯಿತು.

ನನ್ನ ಗಂಡ ಒಳಗೇ ಇದ್ದರು. ತಮ್ಮ ಹೋದ ಮೇಲೆ ಅವರಿಗೆ ರೊಟ್ಟಿ ಹಾಕಿದೆ. ಹೇಳಬೇಕು ಅಂತಲೇ ಹಾಕಿದೆ, ದೇವರಾಣೆ. ಒಂದು ರೊಟ್ಟಿ ಮುಗಿಯಲಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರೇ ಬಾಯಿ ತೆಗೆದರು. ನಿನ್ನೆ ಮರಿಗಳು ಬಂಡೆ ಹತ್ತಿದವಂತೆ. ಒಂದು ಗಟ್ಟಿಗಿತ್ತಿಯಂತೆ, ಇನ್ನೊಂದು ಹೆದರುಪುಕ್ಕಲು, ತಾಯಿಯ ಬಾಲ ಕಚ್ಚಿಕೊಂಡೇ ನಡೆಯುತ್ತದಂತೆ. ಹೇಳುವಾಗ ಅವರ ಕಣ್ಣು ನೋಡಬೇಕಿತ್ತು ನೀವು. ಅಪ್ಪನಾದವನ ಕಣ್ಣು ಅದು. ನನಗೆ ಕೊಡದ ಕಣ್ಣು. ಇನ್ನೊಂದು ರೊಟ್ಟಿ ಹಾಕಲೇ ಅಂತ ಕೇಳಿದೆ. ಸಾಕು, ಬೆಂಕಿ ರೇಖೆ ಸವರಿಸಬೇಕು ಅಂತ ಎದ್ದು ಹೋದರು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಹಬ್ಬದಂತೆ ಪಟ್ಟಿಯಾಗಿ ಹುಲ್ಲು ಸವರುವ ಕೆಲಸ ಅದು. ಗುಡ್ಡದ ಈ ಮಗ್ಗುಲಲ್ಲೇ ನಡೆದಿತ್ತು. ಕೂಗಿದರೆ ಕೇಳುವಷ್ಟು ದೂರ.

ನಾನು ಕೂಗಲಿಲ್ಲ. ಹುಣಸೆಹಣ್ಣು ಜಜ್ಜಿದೆ. ಒಂದು ಬುಟ್ಟಿ ಮುಗಿಯಿತು, ಎರಡನೇ ಬುಟ್ಟಿ ತಂದೆ. ಸಾಯಲಿ ಅಂತ ಒಂದು ಸಲ ಬಾಯಿಬಿಟ್ಟೇ ಅಂದೆ, ಸುತ್ತ ಯಾರೂ ಇರಲಿಲ್ಲ. ಹೇಗೂ ಅದು ಸಂಜೆಗಲ್ಲವೇ ತಿನ್ನಲು ಬರುವುದು, ಮಧ್ಯಾಹ್ನ ಹೇಳಿದರಾಯಿತು, ಎಂದೂ ಅಂದುಕೊಂಡೆ. ಎರಡನ್ನೂ ಒಂದೇ ಬಾಯಲ್ಲಿ ಅಂದುಕೊಂಡೆ. ಈಗ ಯಾವುದು ನಿಜ ಅಂತ ಕೇಳಿದರೆ ನನಗೇ ಗೊತ್ತಿಲ್ಲ.

ಒಂದು ಗಂಟೆಗೆ ಉಣ್ಣಲು ಎದ್ದೆ. ಕೈ ತೊಳೆಯಲು ಚೊಂಬು ಎತ್ತಿದರೆ ಅದರ ಕಂಠಕ್ಕೆಲ್ಲ ಔಷಧಿ ವಾಸನೆ. ಸೋಪಿಗೂ ಹತ್ತಿತ್ತು. ಕೈ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅನ್ನದ ತಟ್ಟೆ ಮುಂದೆ ಆ ಕೈ ಇಟ್ಟುಕೊಂಡು ಕೂತೆ, ತುತ್ತು ಎತ್ತಲಾಗಲಿಲ್ಲ. ಇದು ತಮ್ಮನ ಕೈ ವಾಸನೆಯಲ್ಲ, ನನ್ನದೇ ಅನ್ನಿಸಿತು. ಎದ್ದವಳು ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿದೆ.

ಅವರು ಮಚ್ಚು ಹಿಡಿದು ಹುಲ್ಲು ಸವರುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. ಬಂಡೆ ಸಂದಿಯ ಕುರಿಗೆ ಔಷಧಿ ಹಾಕವ್ರೆ ಅಂದೆ. ಯಾರು ಅಂದರು. ನನ್ನ ತಮ್ಮ ಅಂದೆ. ಯಾವಾಗ ಹೇಳಿದ ಅಂದರು.

“ಈಗ. ಈಗ್ಲೇ ಬಂದು ಹೇಳಿದ.”

ಅವರು ಓಡಿದರು. ನಾನೂ ಹಿಂದೆ ಓಡಿದೆ. ಅಂಗಾಲಿಗೆ ಮುಳ್ಳು ಹೊಕ್ಕಿದ್ದು ಗೊತ್ತಾಗಿದ್ದು ಮನೆಗೆ ಬಂದ ಮೇಲೆಯೇ. ಬಂಡೆಯ ಸಂದಿ ತಂಪಾಗಿತ್ತು, ಜನರ ಸುಳಿವಿಲ್ಲದ ಜಾಗ. ಅಲ್ಲಿ ಹುಲಿ ಸಂಜೆಗೇ ಬರಬೇಕು ಅಂತ ಏನೂ ಇರಲಿಲ್ಲ. ಕುರಿಯ ಪಕ್ಕದಲ್ಲಿ ಒಂದು ಮರಿ ಬಿದ್ದಿತ್ತು. ಬಾಯಲ್ಲಿ ನೊರೆ ಒಣಗಿತ್ತು. ಇನ್ನೊಂದು ಕಾಣಲಿಲ್ಲ. ಮೇಲೆ, ನಮ್ಮಿಂದ ಮೂವತ್ತು ಮಾರು ದೂರದಲ್ಲಿ, ಬಂಡೆಯ ಅಂಚಿಗೆ ಆಕೆ ಇದ್ದಳು.

ಅಷ್ಟು ವರ್ಷ ನನ್ನ ಮನಸ್ಸಿನಲ್ಲಿ ಎತ್ತಿನಷ್ಟು ದೊಡ್ಡವಳಾಗಿ ಬೆಳೆದಿದ್ದಳು. ಅಯ್ಯೋ ಶಿವನೇ, ಇಷ್ಟೇ ಇದ್ದಳು! ಬಡಕಲು ಮೈ, ಜೋತ ಹೊಟ್ಟೆ, ಒಂದು ಕಿವಿ ಹರಿದಿತ್ತು. ನನ್ನ ಗಂಡನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಮರಿಯನ್ನೇ ನೋಡುತ್ತಿದ್ದಳು. ಅರ್ಧ ಕುರಿ ಮೊದಲೇ ತಿಂದು ಹೊಟ್ಟೆ ತುಂಬಿದ್ದಕ್ಕೆ ತಾನು ತಿನ್ನದೆ ಮರಿಗೆ ಮೊದಲು ಬಿಟ್ಟಿದ್ದಾಳೆ ಅಂತ ಇವರು ಮೆಲ್ಲಗೆ ಹೇಳಿದರು. ಆ ಹೊತ್ತಿನಲ್ಲೂ, ಆ ಮರಿಯ ಮುಂದೆಯೂ, ಇವರು ಅವಳ ಮನಸ್ಸು ಅಷ್ಟು ತಿಳಿದುಕೊಂಡಿದ್ದಾರಲ್ಲ ಅಂತ ನನ್ನ ಹೊಟ್ಟೆಯೊಳಗೆ ಕಿಚ್ಚು ಎದ್ದಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಎದ್ದದ್ದು ನಿಜ.

ಆ ಕುರಿಯನ್ನು ಸುಟ್ಟರು, ಸತ್ತ ಮರಿಯನ್ನು ಅಲ್ಲೇ ಹೂಳಿದರು. ತಾಯಿ, ಒಂದು ಮರಿ ಉಳಿದವು. ತಮ್ಮನ ಮೇಲೆ ಕೇಸಾಯಿತು. ಫಾರೆಸ್ಟರ್ ಕೈಬರಹ ಕಾಗೆ ಕಾಲು, ಹಾಗಾಗಿ ತಮ್ಮನ ಹೇಳಿಕೆಯನ್ನು ನನ್ನ ಗಂಡನೇ ಬರೆದುಕೊಂಡರು. ಅವನು ಸ್ವಲ್ಪ ದಿನ ಚಿತ್ರದುರ್ಗದ ಜೈಲಿನಲ್ಲಿದ್ದ, ಆಮೇಲೆ ಜಾಮೀನು, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ. ಗಂಡನ ಹುಲಿಗೋಸ್ಕರ ಹೊತ್ತು ಸಾಕಿದ ತಮ್ಮನನ್ನು ಜೈಲಿಗೆ ಹಾಕಿಸಿದವಳು ಅಂತ ಅಮ್ಮ ನನಗೆ ಹೇಳಿ ಕಳಿಸಿದಳು. ತವರಿನ ಬಾಗಿಲು ಮುಚ್ಚಿತು.

ಇತ್ತ ನನಗೆ ಊರಿನಲ್ಲಿ ಹೆಸರೋ ಹೆಸರು. ಒಡಹುಟ್ಟಿದವನನ್ನೂ ಲೆಕ್ಕಿಸದೆ ಓಡಿ ಬಂದು ಹೇಳಿದ ಹೆಣ್ಣುಮಗಳು ಅಂತ ದೊಡ್ಡ ಸಾಹೇಬರು ಹೊಸದುರ್ಗದ ಆಫೀಸಿಗೆ ಕರೆಸಿ ಶಾಲು ಹೊದಿಸಿದರು. ನಿಮ್ಮಂಥವರಿದ್ದರೆ ಕಾಡು ಉಳಿಯುತ್ತದಮ್ಮ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲ ಮೇಲಿನ ಶಾಲನ್ನು ಆವತ್ತು ಎಷ್ಟು ಸಲ ಮುಟ್ಟಿಕೊಂಡೆನೋ. ನನ್ನ ಗಂಡ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಸತ್ತ ಮರಿಯ ದುಃಖ ಅಂದುಕೊಂಡು, ಅದಕ್ಕೂ ಉರಿದುಕೊಂಡೆ.

ಹನ್ನೊಂದು ವರ್ಷ ಹೀಗೇ ಹೋಯಿತು. ಎರಡು ಸಾವಿರ ಇಸವಿ ದಾಟಿತ್ತು, ಫೋನು ಬಂದಿತ್ತು. ಅಮ್ಮನಿಗೆ ಹುಷಾರಿಲ್ಲ, ಬಾ ಅಂತ ತಮ್ಮನೇ ಫೋನ್ ಮಾಡಿದ. ಹರಿಯಬ್ಬೆಗೆ ಹೋದೆ. ಅಮ್ಮ ಮಲಗಿದ್ದಲ್ಲೇ ನನ್ನ ಕೈ ಹಿಡಿದುಕೊಂಡಳು, ಬೈಯಲಿಲ್ಲ. ಮಧ್ಯಾಹ್ನ ಜಗಲಿಯ ಮೇಲೆ ತಮ್ಮ ಎಲೆ ಅಡಿಕೆ ಹಾಕುತ್ತ ಕೂತಿದ್ದ. ನಾನೇ ಅವನ ಪಕ್ಕ ಹೋಗಿ ಕೂತೆ. ನಿನ್ನ ಹೆಸರು ನಾನು ಹೇಳಬಾರದಿತ್ತೇನೋ ಅಂದೆ. ಅವನು ಎಲೆಗೆ ಸುಣ್ಣ ಸವರಿದ.

“ಅದಕ್ಕಲ್ಲಕ್ಕ ನನಗೆ ಸಿಟ್ಟಿದ್ದದ್ದು. ಬೆಳಿಗ್ಗೆ ಏಳಕ್ಕೇ ನಮ್ಮಕ್ಕಂಗೆ ಹೇಳೀನಿ ಅಂತ ನಾನು ಬರೆಸೋಕೆ ಹೋದೆ. ಫಾರೆಸ್ಟರ್ ಬೀಡಿಗೆ ಅಂತ ಹೊರಗೆ ಹೋಗಿದ್ರು. ಭಾವ ಪೆನ್ನು ನಿಲ್ಲಿಸಿಬಿಟ್ರು. ಮಧ್ಯಾಹ್ನ ಅಂತ ಬರೀತೀನಿ, ಯಾರು ಕೇಳಿದ್ರೂ ಮಧ್ಯಾಹ್ನ ಅನ್ನು ಅಂತ ನನ್ನ ಕೈ ಹಿಡ್ಕಂಡ್ರು. ನನಗೆ ಕೇಸು, ನಿನಗೆ ಶಾಲು. ಅದಕ್ಕೆ ಮಾತು ಬಿಟ್ಟೆ.”

ಹೆಜ್ಜೆ ಗುರುತಿನಲ್ಲಿ ಒಂದು ಬೆರಳು ಹೆಚ್ಚುಕಮ್ಮಿ ಬರೆದವರಲ್ಲ ಅವರು. ಸಾಹೇಬರು ಹೇಳಿದರೂ ಸುಳ್ಳು ಬರೆಯಲ್ಲ ಅಂತ ಎರಡು ಸಲ ವರ್ಗವಾಗಿ ಹೋಗುವಷ್ಟಾಗಿತ್ತು. ಅಂಥವರು ನನಗೋಸ್ಕರ ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದು, ಹನ್ನೊಂದು ವರ್ಷ ನನ್ನ ಜೊತೆ ಉಂಡು, ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮಾರನೇ ದಿನ ಮನೆಗೆ ಬಂದು ಬ್ಯಾಗನ್ನೂ ಇಳಿಸದೆ ಹೇಳಿದೆ. ನನಗೆ ಬೆಳಿಗ್ಗೆಯೇ ಗೊತ್ತಿತ್ತು. ನಿಮಗೆ ರೊಟ್ಟಿ ಹಾಕುವಾಗಲೇ ಗೊತ್ತಿತ್ತು. ಅವರು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಗೊತ್ತು ಅಂದರು. ಮರಿ ಮೈ ಮುಟ್ಟಿದಾಗಲೇ ಗೊತ್ತಾಯ್ತು, ಆಗಲೇ ಸೆಟೆದಿತ್ತು, ಔಷಧಿ ಬೆಳಿಗ್ಗೆಯೇ ಬಿದ್ದಿತ್ತು, ಅಂದರು. ಮತ್ತೆ ಯಾಕೆ ಬೈಯಲಿಲ್ಲ, ಯಾಕೆ ಒಂದು ಏಟು ಹೊಡೀಲಿಲ್ಲ ಅಂತ ನಾನೇ ಅವರ ಮೇಲೆ ಹಾರಿಬಿದ್ದೆ. ಹನ್ನೊಂದು ವರ್ಷ ಆ ಮರಿಯನ್ನು ಹೊಟ್ಟೆಯಲ್ಲಿ ಹೊತ್ತವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಅವರು ಬ್ರಷ್ ಕೆಳಗಿಟ್ಟರು.

“ಆಕೆ ಮೂರು ದಿನ ಆ ಬಂಡೆ ಬಿಟ್ಟು ಕದಲಲಿಲ್ಲ ಕಣೇ. ಮರೀನ ಹೂಳಿದ ಜಾಗ ಕೆರೆದು ಕೆರೆದು ಕೂಗ್ತಿದ್ಲು. ನಾನು ಮೂರು ದಿನಾನೂ ಅಲ್ಲೇ ಕುಂತಿದ್ದೆ. ಅದೊಂದನ್ನ ಮಾತ್ರ ಬಂದು ನಿನಗೆ ಹೇಳಲಿಲ್ಲ. ಹೇಳಿದ್ರೆ ನೀನು ಉಳೀತಿರಲಿಲ್ಲ.”

ನಾನು ಬಾಗಿಲ ಹತ್ತಿರವೇ ಕೂತೆ. ಅವರು ಮತ್ತೆ ಬೂಟಿನ ಕಡೆ ತಿರುಗಲಿಲ್ಲ, ಬಂದು ನನ್ನ ಪಕ್ಕ ಕೂತರು. ನಾನು ಜೋರಾಗಿ ಅತ್ತೆ, ಪಕ್ಕದ ಮನೆಯವಳು ಏನಾಯ್ತು ಅಂತ ಹೊರಗೆ ಬರುವಷ್ಟು ಜೋರಾಗಿ. ಅಮ್ಮ ಹೋದಳೇನೋ ಅಂದುಕೊಂಡಳಂತೆ ಅವಳು. ನಾನು ಅಳುತ್ತಿದ್ದದ್ದು ಆ ಹರಿದ ಕಿವಿಯವಳಿಗೆ.